ಅಗಸ ಸರ ತಂದ

ಕಳೆದ ದಸರಾ ರಜೆಯಲ್ಲಿ ಹತ್ತು ದಿನ ಅಕ್ಕನ ಮನೆಯಲ್ಲಿದ್ದೆ. ನಾಗಮಂಗಲದ ಹತ್ತಿರದ ಹಳ್ಳಿ. ನವೋದಯದ ಕಾವ್ಯಮೀಮಾಂಸೆ ಕುರಿತ ಒಂದು ಅಧ್ಯಾಯ ಮುಗಿಸಿ ಮಾರ್ಗದರ್ಶಕರಿಗೆ ಕೊಡಬೇಕಿತ್ತು. ಹಾಸ್ಟೆಲಿನ ಗಲಾಟೆಯಿಂದ ದೂರ ಕೂತರೆ ಬರೆಯಲಾದೀತು ಎಂದು ಹೋಗಿದ್ದೆ. ಅಕ್ಕನ ಮಗ ಮೂರನೇ ಕ್ಲಾಸು. ಸಂಜೆ ಜಗುಲಿಯ ಮೇಲೆ ಪಠ್ಯಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದ. ಬೆರಳು ಅಕ್ಷರದ ಕೆಳಗೆ. ‘ಪ… ರಿ… ಸ… ರ… ಪರಿಸರ. ಸಂ… ರ… ಕ್ಷ… ಣೆ…’ ಇಷ್ಟು ಹೊತ್ತಿಗೆ ‘ಪರಿಸರ’ ಮರೆತುಹೋಗಿರುತ್ತಿತ್ತು. ಮತ್ತೆ ಹಿಂದಕ್ಕೆ ಹೋಗಿ ಅದನ್ನು ಎತ್ತಿಕೊಂಡು ಬರುತ್ತಿದ್ದ. ತಪ್ಪು ಒಂದೂ ಇರಲಿಲ್ಲ. ಪ್ರತಿ ಅಕ್ಷರವನ್ನೂ ಸರಿಯಾಗಿಯೇ ಹೇಳಿದ. ಸಾಲು ಮುಗಿದ ಮೇಲೆ ಏನು ಓದಿದೆ ಹೇಳು ಮರಿ ಎಂದೆ. ‘ಓದುದ್ನಲ್ಲ ಚಿಕ್ಕಿ’ ಎಂದು ನನ್ನ ಮುಖವನ್ನೇ ನೋಡಿದ. ಓದು ಮುಗಿದ ಮೇಲೂ ಏನೋ ಉಳಿದಿರುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಒಳಗಿನಿಂದ ಅಕ್ಕ ಅಂದಳು: ‘ನೀನು ಕನ್ನಡದಲ್ಲೇ ಡಾಕ್ಟ್ರೇಟು ಮಾಡ್ತಾ ಇದ್ದೀಯ. ಇವ್ನಿಗೆ ಒಂದು ಪುಟ ಓದೋದು ಕಲ್ಸಕ್ಕಾಗಲ್ವೇನೆ?’

ಅವಳು ಚುಚ್ಚಲು ಹೇಳಿದ್ದಲ್ಲ. ನಿಜವಾಗಿಯೂ ಕೇಳಿದ್ದು. ನನ್ನ ಬಳಿ ಉತ್ತರವಿರಲಿಲ್ಲ. ಐದು ವರ್ಷದಿಂದ ಸಾಹಿತ್ಯದ ಓದು, ಓದುಗ, ಓದಿನ ರಾಜಕಾರಣ ಎಂದು ಟಿಪ್ಪಣಿ ಬರೆದುಕೊಳ್ಳುತ್ತಿರುವ ನನಗೆ ಎಂಟು ವರ್ಷದ ಹುಡುಗ ಒಂದು ಪುಟದಲ್ಲಿ ಯಾಕೆ ಎಡವುತ್ತಾನೆ ಎಂದು ಗೊತ್ತಿರಲಿಲ್ಲ. ನಮ್ಮ ವಿಮರ್ಶೆಯಲ್ಲಿ ಓದುಗ ಯಾವಾಗಲೂ ಬೆಳೆದ ಮೇಲೆಯೇ ಹುಟ್ಟುತ್ತಾನೆ. ಸಹೃದಯ ಎನ್ನುತ್ತೇವೆ, ಅವನಿಗೆ ಸಂಸ್ಕಾರವಿರಬೇಕು ಎನ್ನುತ್ತೇವೆ. ಆ ಸಂಸ್ಕಾರ ಒಂದನೇ ಕ್ಲಾಸಿನ ಯಾವ ಪುಟದಲ್ಲಿ ಶುರುವಾಗುತ್ತದೆ ಎಂದು ಕೇಳುವುದಿಲ್ಲ. ಅದು ಶಿಕ್ಷಣ ಇಲಾಖೆಯ ಕೆಲಸ, ತರಬೇತಿ ಕೊಡುವವರ ಕೆಲಸ. ಮಕ್ಕಳ ಸಾಹಿತ್ಯವನ್ನು ಸಾಹಿತ್ಯ ಚರಿತ್ರೆಯ ಕೊನೆಯಲ್ಲಿ ‘ಇತರ ಪ್ರಕಾರಗಳು’ ಎಂಬ ಶೀರ್ಷಿಕೆಯಡಿ ಮುಗಿಸಿಬಿಡುತ್ತೇವೆ. ವರ್ಣಮಾಲೆಯ ಪುಸ್ತಕವನ್ನಂತೂ ಯಾರೂ ಕೃತಿ ಎಂದು ತಿಳಿದು ಓದಿದ್ದು ನಾನು ಕಂಡಿಲ್ಲ. ಆದರೆ ಕನ್ನಡದ ಯಾವ ಕಾದಂಬರಿಗೂ ಅದಕ್ಕಿರುವಷ್ಟು ಓದುಗರಿಲ್ಲ.

ಹಾಗಾಗಿ ಅಧ್ಯಾಯವನ್ನು ಬದಿಗಿಟ್ಟು ಹುಡುಗನ ಹಳೆಯ ಪುಸ್ತಕ, ಕಾರ್ಡುಗಳನ್ನು ತೆಗೆಸಿ ಕೂತೆ.

ಅವನು ಕಲಿತಿದ್ದು ನಲಿ-ಕಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾದ ಪದ್ಧತಿ ಅದು. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಬಂದ ನಮ್ಮ ಶಿಕ್ಷಕರೇ ಮುಂದೆ ನಿಂತು ಕಟ್ಟಿದ್ದು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಅಕ್ಷರ ಕಲಿಸುವ ಕ್ರಮ ‘ಅ ಆ ಇ ಈ’ ಅಲ್ಲ; ‘ರ ಗ ಸ ದ ಅ’. ರ ಬರೆಯಲು ಬಂದ ಕೈಗೆ ಸ ದೂರವಲ್ಲ, ದ ಬಂದರೆ ಅ ದೂರವಲ್ಲ ಎಂಬ ಲೆಕ್ಕ. ಆಕಾರ ಹತ್ತಿರವಿರುವ ಅಕ್ಷರಗಳನ್ನು ಗುಂಪು ಮಾಡಿ, ಆ ಗುಂಪಿನಿಂದಲೇ ಪದ ಕಟ್ಟಿಸುತ್ತಾರೆ. ಐವತ್ತು ಅಕ್ಷರ ಗಟ್ಟಿ ಮಾಡುವವರೆಗೆ ಒಂದು ಪದವೂ ಸಿಗದಿದ್ದ ಹಳೆಯ ಮಗ್ಗಿಗಿಂತ ಇದು ಎಷ್ಟೋ ಮೇಲು. ಮೊದಲ ವಾರದಲ್ಲೇ ಮಗುವಿಗೆ ಸರ, ರಸ, ದರ, ಅರಸ, ಅಗಸ ಎಲ್ಲ ಸಿಗುತ್ತವೆ.

ಈ ಐದು ಅಕ್ಷರದ ಜಗತ್ತನ್ನು ಕವಿತೆಯನ್ನು ಓದುವ ಹಾಗೆ ಓದಲು ನೋಡಿದೆ. ಎದ್ದು ಕಂಡದ್ದು, ಅಲ್ಲಿ ಒಬ್ಬ ಅರಸನೂ ಒಬ್ಬ ಅಗಸನೂ ಇದ್ದಾರೆ. ಕನ್ನಡದ ಮಗು ಮೊದಲು ಕಲಿಯುವ ಇಬ್ಬರು ಮನುಷ್ಯರು ಇವರು. ಒಂದಕ್ಷರ ಅಷ್ಟೇ ವ್ಯತ್ಯಾಸ. ಹಳೆಯ ಪಟಗಳಲ್ಲಿ ಅರಸನಿಗೆ ಕಿರೀಟ, ಅಗಸನಿಗೆ ಬಟ್ಟೆಯ ಗಂಟು, ಪಕ್ಕದಲ್ಲಿ ಕತ್ತೆ. ಜಾತಿಯೂ ದರ್ಜೆಯೂ ಅಕ್ಷರದ ಜೊತೆಗೇ ಬರುತ್ತವೆ ಎಂದು ಇಲ್ಲಿ ಒಂದು ಪುಟ ಬರೆಯಬಹುದು, ನನ್ನ ತಲೆಮಾರಿನ ಸಂಶೋಧಕರಿಗೆ ಅದು ಸುಲಭ ಕೂಡ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. ಇಬ್ಬರೂ ಸುಮ್ಮನೆ ನಿಂತಿದ್ದಾರೆ. ಏನೂ ಮಾಡುವುದಿಲ್ಲ. ಮಾಡಲು ಅವರಿಗೆ ಕ್ರಿಯಾಪದವಿಲ್ಲ.

ಬರಿಯ ಅಕಾರದ ಅಕ್ಷರಗಳಿಂದ ಕನ್ನಡದಲ್ಲಿ ಕ್ರಿಯಾಪದ ಕಟ್ಟುವುದು ಹೆಚ್ಚುಕಡಿಮೆ ಆಗದ ಕೆಲಸ. ಬಾ, ಹೋಗು, ಮಾಡು, ಓಡಿದ, ಬರೆದ, ಹೊಡೆದ: ಎಲ್ಲಕ್ಕೂ ಗುಣಿತ ಬೇಕು, ಇಲ್ಲವೇ ಒತ್ತು ಬೇಕು. ಮುಂದಿನ ಗುಂಪು ‘ಜ ವ ಮ ಬ ನ’ ಸೇರಿದ ಮೇಲೆ ಮರ, ಜನ, ಮಗ, ನಗರ, ಬಸವ ಎಲ್ಲ ಬರುತ್ತವೆ. ಜನ ಹೆಚ್ಚಾಗುತ್ತಾರೆ, ಘಟನೆ ಮಾತ್ರ ಇಲ್ಲ. ಕೂತು ಹುಡುಕಿದೆ. ಸಿಕ್ಕಿದ್ದು ಒಂದು ‘ಬರದ’. ಬಾರದೆ ಉಳಿದ ಎಂಬ ಅರ್ಥದಲ್ಲಿ. ಬರದ ಮಗ, ಬರದ ಜನ. ಮಗುವಿಗೆ ಸಿಗುವ ಮೊದಲ ಕ್ರಿಯೆಯೇ ನಡೆಯದ ಕ್ರಿಯೆ! ತಿಂಗಳುಗಟ್ಟಲೆ ನಮ್ಮ ಮಕ್ಕಳು ಏನೂ ಸಂಭವಿಸದ ಲೋಕವೊಂದನ್ನು ಓದುತ್ತಾರೆ. ಹೆಸರುಗಳನ್ನು ಕೂಗುತ್ತಾರೆ, ಹಾಜರಿ ಪುಸ್ತಕ ಓದಿದ ಹಾಗೆ. ಓದುವುದೆಂದರೆ ಒಂದೊಂದೇ ಅಕ್ಷರವನ್ನು ಕೂಗಿ ಹೇಳುವುದು ಎಂಬ ತಿಳಿವಳಿಕೆ ನಮ್ಮ ಹುಡುಗನಿಗೆ ಎಲ್ಲಿಂದ ಬಂತೆಂದು ಆಗ ಹೊಳೆಯಿತು.

ಅಕ್ಷರದ ಭಾರ ಸಣ್ಣದಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ವರ್ಣಮಾಲೆ 49 ಎಂದು ಬಾಯಿಪಾಠ ಒಪ್ಪಿಸುತ್ತೇವೆ. ಆದರೆ ಓದುವ ಮಗುವಿನ ಎದುರು ಇರುವುದು 49 ಅಲ್ಲ. 34 ವ್ಯಂಜನಗಳಿಗೆ 15ರ ಕಾಗುಣಿತ ಹಿಡಿದರೆ 510. ಅದರ ಮೇಲೆ ಒತ್ತಕ್ಷರಗಳು. ‘ಕೊ’ ಬರೆದರೆ ಸ್ವರದ ಒಂದು ತುಂಡು ತಲೆಯ ಮೇಲೆ, ಇನ್ನೊಂದು ಬಲಕ್ಕೆ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ರ ಮೊದಲು, ಯ ಆಮೇಲೆ. ಹಾಳೆಯ ಮೇಲೆ ಯ ಮೊದಲು, ಅರ್ಕಾವೊತ್ತು ಆಮೇಲೆ. ‘ಕರ್ನಾಟಕ’ ಎಂಬ ಹೆಸರನ್ನು ಓದಲೂ ಮಗು ಕಣ್ಣನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಬೇಕು. ಕನ್ನಡ ಓದುವ ಮಕ್ಕಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿರುವ ಸೋನಾಲಿ ನಾಗ್ 2007ರ ತಮ್ಮ ಪ್ರಬಂಧದಲ್ಲಿ ತೋರಿಸಿದ್ದು ಇದನ್ನೇ: ಇಂಗ್ಲಿಷಿನ ಮಗು ಅಕ್ಷರಮಾಲೆಯನ್ನು ಬೇಗ ಮುಗಿಸುತ್ತದೆ, ಕನ್ನಡದ ಮಗುವಿಗೆ ಅಕ್ಷರಗಳ ಕಲಿಕೆ ನಾಲ್ಕನೇ ತರಗತಿಯವರೆಗೂ, ಅದರಾಚೆಗೂ ನಡೆಯುತ್ತಲೇ ಇರುತ್ತದೆ. ಅಂದರೆ ‘ಮೊದಲು ಅಕ್ಷರ ಪೂರ್ತಿ ಬರಲಿ, ಆಮೇಲೆ ಕಥೆ’ ಎಂದು ಕಾದರೆ ಕಥೆ ಬರುವುದು ಹತ್ತು ವರ್ಷಕ್ಕೆ. ಅಷ್ಟರಲ್ಲಿ ಪುಸ್ತಕದ ಬಗ್ಗೆ ಮಗುವಿನ ಅಭಿಪ್ರಾಯ ಗಟ್ಟಿಯಾಗಿರುತ್ತದೆ.

ಈ ತೊಡಕು ನಮ್ಮೊಬ್ಬರದೇ ಅಲ್ಲ. 2022ರ ಅಸರ್ ವರದಿಯ ಪ್ರಕಾರ ದೇಶದ ಗ್ರಾಮೀಣ ಭಾಗದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ. 20.5. 2024ರಲ್ಲಿ ಅದು ಶೇ. 27.1ಕ್ಕೆ ಏರಿತು. ಏರಿತು ಎಂದು ಖುಷಿಪಟ್ಟ ಮೇಲೂ ನಾಲ್ವರಲ್ಲಿ ಸುಮಾರು ಮೂವರು ಹೊರಗೇ ಉಳಿಯುತ್ತಾರೆ. ಇದಕ್ಕೆ ಸರ್ಕಾರದ ಕಡೆಯಿಂದ ಬಂದ ಉತ್ತರ ನಿಪುಣ್ ಭಾರತ್, 2021ರಲ್ಲಿ. ಎರಡನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ, ಮೂರನೇ ತರಗತಿಯ ಮಗು ಕನಿಷ್ಠ 60 ಪದ ಅರ್ಥಸಹಿತ ಓದಬೇಕು ಎಂಬ ಗುರಿ. ಗುರಿ ಇರುವುದು ಒಳ್ಳೆಯದೇ. ಆದರೆ ಕನ್ನಡದಲ್ಲಿ ಪದ ಎಂದರೇನು? ‘ಹೋಗಬೇಕಾಗಿತ್ತಂತೆ’ ಒಂದು ಪದ. ಹಿಂದಿಯಲ್ಲಿ ಇದಕ್ಕೆ ನಾಲ್ಕೈದು ಪದ ಬೇಕು, ಇಂಗ್ಲಿಷಿನಲ್ಲಿ ಇನ್ನೂ ಹೆಚ್ಚು. ‘ಬರಲಾರದವನಿಗೂ’ ಎಂಬಲ್ಲಿ ಒಬ್ಬ ಮನುಷ್ಯನಿದ್ದಾನೆ, ಅವನ ಅಸಹಾಯಕತೆಯಿದೆ, ಅವನಿಗೂ ಎನ್ನುವ ಪಕ್ಷಪಾತವಿದೆ. ಅದನ್ನು ಒಂದು ಎಂದು ಎಣಿಸಿ ಗಡಿಯಾರ ನೋಡುವುದು ಹೇಗೆ? 2022ರ ಬುನಾದಿ ಕಲಿಕೆಯ ಅಧ್ಯಯನದಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ನಿಗದಿ ಮಾಡಲು ಹೊರಟಿದ್ದು ಈ ತೊಡಕು ಗೊತ್ತಾಗಿಯೇ ಇರಬೇಕು. ಆದರೂ ಎಣಿಕೆ ಎಣಿಕೆಯೇ. ನಮ್ಮ ಹುಡುಗನ ಕಷ್ಟ ವೇಗದ್ದಾಗಿರಲಿಲ್ಲ. ಅವನು ಇನ್ನೂ ಬೇಗ ‘ಪ ರಿ ಸ ರ’ ಎಂದಿದ್ದರೂ ‘ಓದುದ್ನಲ್ಲ ಚಿಕ್ಕಿ’ ಎಂದೇ ಮುಗಿಯುತ್ತಿತ್ತು.

ಹಾಗಾದರೆ ಸರಾಗ ಓದು ಎಂದರೇನು? ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಎಂ.ಎ. ಓದುವಾಗಿನ ನನ್ನದೇ ಒಂದು ಅವಮಾನದಲ್ಲಿ. ದೇವನೂರ ಮಹಾದೇವರ ‘ಕುಸುಮಬಾಲೆ’ ಪಠ್ಯವಾಗಿತ್ತು. ಮೂರು ಸಲ ಹಿಡಿದೆ, ಮೂರು ಸಲವೂ ಹತ್ತನೇ ಪುಟದಲ್ಲಿ ಬಿಟ್ಟೆ. ಕನ್ನಡದಲ್ಲಿ ಚಿನ್ನದ ಪದಕದ ಆಸೆ ಇಟ್ಟುಕೊಂಡಿದ್ದವಳು ಒಂದೊಂದು ಪದವನ್ನೂ ಬೆರಳಿಟ್ಟು ಬಿಡಿಸುತ್ತಿದ್ದೆ. ಮೈಸೂರು ಸೀಮೆಯವಳೇ ಆದರೂ ನನ್ನ ಕಣ್ಣಿಗೆ ಅಭ್ಯಾಸವಾಗಿದ್ದುದು ಪುಸ್ತಕದ ಕನ್ನಡ. ಕೊನೆಗೆ ನಂಜನಗೂಡು ಕಡೆಯ ಗೆಳತಿಯೊಬ್ಬಳು ಒಂದು ರಾತ್ರಿ ಹಾಸ್ಟೆಲಿನ ಟೆರೇಸಿನ ಮೇಲೆ ಮೊದಲಿನ ಕೆಲವು ಪುಟ ಗಟ್ಟಿಯಾಗಿ ಓದಿದಳು. ಅವಳ ಅಜ್ಜಿ ಮಾತಾಡುವ ಹಾಗೆ ಓದಿದಳು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ನಗಬೇಕು ಎಂದು ತಿಳಿಯಿತು. ಮಾರನೇ ದಿನ ಪುಸ್ತಕ ತೆರೆದರೆ ಅದೇ ಪುಟ ಹರಿಯುತ್ತಿತ್ತು. ಅಕ್ಷರ ಬದಲಾಗಿರಲಿಲ್ಲ, ಕಣ್ಣಿಗಿಂತ ಒಂದು ಹೆಜ್ಜೆ ಮುಂದೆ ಕಿವಿ ಹೋಗುತ್ತಿತ್ತು. ಮುಂದೆ ಏನು ಬಂದೀತು ಎಂದು ಕಿವಿ ಊಹಿಸುತ್ತದೆ, ಕಣ್ಣು ಹೋಗಿ ಹೌದೋ ಅಲ್ಲವೋ ನೋಡುತ್ತದೆ. ಸರಾಗ ಎಂದು ನಾವು ಕರೆಯುವುದು ಈ ಊಹೆಯನ್ನು. ಓದು ಬರಹ ಬಾರದಿದ್ದರೂ ಕಾವ್ಯದಲ್ಲಿ ನುರಿತವರು ಎಂದು ಕವಿರಾಜಮಾರ್ಗ ಕನ್ನಡದ ಜನರನ್ನು ಹೊಗಳಿದ್ದನ್ನು ನವೆಂಬರ್ ತಿಂಗಳಲ್ಲಿ ಎಲ್ಲ ವೇದಿಕೆಗಳಲ್ಲೂ ಹೇಳುತ್ತೇವೆ. ಅದು ಕಿವಿಯ ಹೊಗಳಿಕೆ. ಜಗುಲಿಯ ಮೇಲೆ ಕೂತ ಹುಡುಗನಿಗೆ ಓದಲು ಬರುತ್ತದೆ, ಕಿವಿಯನ್ನು ಮಾತ್ರ ಯಾರೋ ಶಾಲೆಯ ಹೊರಗೆ ಚಪ್ಪಲಿಯ ಜೊತೆ ಬಿಡಿಸಿದ್ದಾರೆ.

ಇದನ್ನು ಬಲ್ಲವರು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಪಂಜೆ ಮಂಗೇಶರಾಯರು ಶಾಲಾ ಮಾಸ್ತರರು, ಆಮೇಲೆ ಶಾಲಾ ಇನ್‌ಸ್ಪೆಕ್ಟರು. ಮಕ್ಕಳು ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಊರೂರು ಸುತ್ತಿ ಕಂಡವರು. ಅವರ ‘ಹಾವಿನ ಹಾಡು’ ಪದ್ಯವನ್ನು ನಾವು ಲಯಕ್ಕೆ, ಮುಗ್ಧತೆಗೆ ಮೆಚ್ಚುತ್ತೇವೆ. ಓದು ಕಲಿಸುವ ಪಠ್ಯವಾಗಿ ಅದನ್ನು ನೋಡಿ. ಚರಣ ಮುಗಿಯುವಾಗಲೆಲ್ಲ ಒಂದೇ ಅಕ್ಷರದ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮೊದಲು ಹಾವನ್ನು ಕರೆಯುವ ಮಾತು, ಕಡೆಗೆ ಅದನ್ನು ಕಳಿಸುವ ಮಾತು. ಒಂದಕ್ಷರ, ಆದರೆ ಪೂರ್ತಿ ಅರ್ಥ. ಅಷ್ಟೇ ಅಲ್ಲ, ಅದು ಕ್ರಿಯಾಪದ. ಅಕ್ಷರ ಕೂಡಿಸಲು ಹೆಣಗುವ ಮಗು ಅಲ್ಲಿಗೆ ಬಂದ ಕೂಡಲೇ ಓಡುತ್ತದೆ. ಪ್ರತಿ ಏರಿನ ಕೊನೆಗೆ ಒಂದು ಇಳಿಜಾರು ಇಟ್ಟ ಹಾಗೆ. ಭಯವೂ ಇದೆ, ಹಾವಲ್ಲವೇ. ಅದು ಬಂದರೆ ಏನಾಗುತ್ತದೆ ಎಂಬ ಕುತೂಹಲವೇ ಮುಂದಿನ ಸಾಲಿಗೆ ಎಳೆಯುತ್ತದೆ. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯೂ ಹೀಗೆಯೇ. ಒಂದು ‘ಯಾಕೆ’ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋಗುವ ಸರಪಳಿ ಕಥೆ. ವಾಕ್ಯದ ಚೌಕಟ್ಟು ಅದೇ ಇರುತ್ತದೆ, ಹೊಸದಾಗಿ ಬರುವುದು ಒಂದೋ ಎರಡೋ ಪದ. ಇಂಥದನ್ನು ಇವತ್ತಿನ ತರಬೇತಿಗಳಲ್ಲಿ ಊಹಿಸಬಹುದಾದ ಪಠ್ಯ ಎಂದು ಸ್ಲೈಡು ಹಾಕಿ ವಿವರಿಸುತ್ತಾರೆ. ನಮ್ಮ ಅಜ್ಜಿಯರಿಗೆ ಅದು ಗೊತ್ತಿತ್ತು, ಪಂಜೆಯವರು ಅಜ್ಜಿಯರಿಂದ ಎತ್ತಿಕೊಂಡು ಹಾಳೆಯ ಮೇಲಿಟ್ಟರು.

ಜಿ.ಪಿ. ರಾಜರತ್ನಂ ಇನ್ನೂ ಕುತೂಹಲದ ಉದಾಹರಣೆ. ಎಂ.ಎ. ಮುಗಿಸಿದ ಮೇಲೆ ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠ ಹೇಳಿದರು. ಮಕ್ಕಳ ಪದ್ಯಗಳು ಹುಟ್ಟಿದ್ದು ಆ ಕೆಲಸದಿಂದ. ಅವರ ‘ತುತ್ತೂರಿ’ಯಲ್ಲಿ ಹುಡುಗನ ಹೆಸರು ತುತ್ತೂರಿಗೆ ಪ್ರಾಸವಾಗುವ ಹಾಗಿದೆ. ಒಂದನ್ನು ಓದಿದರೆ ಇನ್ನೊಂದು ಬಾಯಿಗೆ ತಾನಾಗಿ ಬರುತ್ತದೆ. ಕಡೆಯಲ್ಲಿ ಜಂಬದ ಬಗ್ಗೆ ಒಂದು ನೀತಿ ಅಂಟಿಸಿದ್ದಾರೆ, ಅದು ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಆದರೆ ಮಕ್ಕಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಅವರಿಗೆ ನೆನಪಿರುವುದು ತುತ್ತೂರಿಯ ಬಣ್ಣ, ಊದಿದ ಸರಿಗಮ, ನೀರಿಗೆ ಬಿದ್ದು ಅದರ ಗಂಟಲು ಕಟ್ಟಿದ್ದು. ಇದೇ ರಾಜರತ್ನಂ ‘ರತ್ನನ ಪದಗಳು’ ಬರೆದವರು. ಯೆಂಡ ಕುಡಿಯುವ ರತ್ನ ಹೇಗೆ ಮಾತಾಡುತ್ತಾನೋ ಹಾಗೆಯೇ ಕಾಗುಣಿತ. ಈ ಎರಡನ್ನೂ ನಮ್ಮ ವಿಮರ್ಶೆ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದೆ: ಒಂದು ಶಿಶುಸಾಹಿತ್ಯ, ಇನ್ನೊಂದು ಆಡುಭಾಷೆಯ ಕಾವ್ಯ. ನನಗೆ ಎರಡೂ ಒಂದೇ ಕೆಲಸವೆನಿಸುತ್ತದೆ. ಬಾಯಿಗೂ ಹಾಳೆಗೂ ನಡುವಿನ ದೂರ ಕಡಿಮೆ ಮಾಡುವ ಕೆಲಸ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಪಂಜೆಯವರ ಪದ್ಯಗಳಲ್ಲಿ ಹಳಗನ್ನಡದ ರೂಪಗಳು ಅಲ್ಲಲ್ಲಿ ಇಣುಕುತ್ತವೆ, ಇವತ್ತಿನ ಯಾದಗಿರಿಯ ಮಗುವಿಗೆ ಅವು ದೂರದ ಮಾತು. ಇನ್ನೊಂದು ಅಪಾಯವನ್ನು ನಮ್ಮ ಹುಡುಗನೇ ತೋರಿಸಿಕೊಟ್ಟ. ‘ತುತ್ತೂರಿ’ಯ ಪುಟ ಕೊಟ್ಟೆ, ಗಡಗಡ ಓದಿಬಿಟ್ಟ. ನಾನು ಗೆದ್ದೆ ಎಂದುಕೊಂಡೆ. ನೋಡಿದರೆ ಪುಸ್ತಕ ತಲೆಕೆಳಗಾಗಿತ್ತು. ಶಿಶುವಿಹಾರದಿಂದಲೇ ಅವನಿಗೆ ಬಾಯಿಪಾಠ! ಶಿಕ್ಷಕರು ಪದ್ಯಗಳನ್ನು ನಂಬದೆ ಅಕ್ಷರಕ್ಕೆ ಅಂಟಿಕೊಳ್ಳುವುದು ಇದಕ್ಕೇ, ಅವರ ಅನುಮಾನ ಸುಳ್ಳಲ್ಲ. ಕಿವಿ ಒಂದೇ ಸಾಕು ಎಂದರೆ ಕಣ್ಣು ಕೆಲಸವನ್ನೇ ಮಾಡುವುದಿಲ್ಲ. ಅದಕ್ಕೇ ಗೊತ್ತಿರುವ ಚೌಕಟ್ಟಿನಲ್ಲಿ ಗೊತ್ತಿಲ್ಲದ ಒಂದು ಪದ ಇಡಬೇಕು. ತುತ್ತೂರಿ ಇದ್ದ ಕಡೆ ಬರೆದು ‘ಪೀಪಿ’ ಎಂದು ಬದಲಿಸಿ ಕೊಟ್ಟೆ. ಅಲ್ಲಿ ನಿಂತ, ನೋಡಿದ, ನಕ್ಕ. ಹತ್ತು ದಿನದಲ್ಲಿ ಅವನು ಮೊದಲ ಸಲ ಓದಿದ್ದು ಆಗ.

ಆಮೇಲೆ ಆ ಅರಸ, ಅಗಸರ ಕಡೆ ಮರಳಿದೆ. ಅವರಿಗೆ ಒಂದು ಕ್ರಿಯಾಪದ ಹೇಗಾದರೂ ಕೊಡಿಸಬೇಕು. ಕಾರ್ಡುಗಳನ್ನು ಹರವಿಕೊಂಡು ಆಟವಾಡುತ್ತಿದ್ದಾಗ ಸಿಕ್ಕಿದ್ದು ಸೊನ್ನೆ. ಅನುಸ್ವಾರ. ವರ್ಣಮಾಲೆಯಲ್ಲಿ ಅದು ಎಲ್ಲೋ ಸ್ವರಗಳ ಬಾಲದಲ್ಲಿ ಬರುತ್ತದೆ. ಆದರೆ ಬರೆಯಲು ಅದಕ್ಕಿಂತ ಸುಲಭದ ಗುರುತು ಕನ್ನಡದಲ್ಲಿ ಇಲ್ಲ, ಒಂದು ಸುತ್ತು ಅಷ್ಟೇ. ಅದೊಂದು ಸೇರಿದರೆ ಬಂದ, ಅಂದ, ತಂದ. ಜಗತ್ತು ನಡೆಯಲು ಶುರುವಾಗುತ್ತದೆ. ಇನ್ನೊಂದು ಬೇಕಿತ್ತು, ‘ನನಗೆ’ ಎಂಬ ಮಾತು, ಅದಕ್ಕೆ ಎತ್ವ ಬೇಕು. ಆಗ ನನ್ನ ಈಗಿನ ರೂಮ್‌ಮೇಟ್ ನೆನಪಾದಳು. ಗದಗದವಳು. ಅವಳಿಗೆ ಅದು ‘ನನಗ’. ಎಂಟು ಅಕ್ಷರ, ಒಂದು ಸೊನ್ನೆ. ನೋಟ್‌ಬುಕ್ಕಿನಲ್ಲಿ ಬರೆದೆ:

ಅಗಸ ಸರ ತಂದ.
ಅರಸ ಬಂದ.
ಸರ ನನಗ ಅಂದ.

ಇದನ್ನು ಸಾಹಿತ್ಯ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಆದರೆ ಹುಡುಗ ಓದಿದ ರೀತಿ ಹೇಳಬೇಕು. ಮೊದಲ ಸಾಲು ಎಂದಿನಂತೆ ಅಕ್ಷರ ಅಕ್ಷರವಾಗಿ. ಎರಡನೆಯದು ಒಂದೇ ಉಸಿರಿಗೆ. ಮೂರನೆಯದರಲ್ಲಿ ಎಡವಿದ. ‘ನನಗ ಅಲ್ಲ ಚಿಕ್ಕಿ, ನಂಗೆ. ತಪ್ಪು ಬರ್ದಿದ್ದೀಯ.’ ಗದಗದ ಕಡೆ ಹೀಗೇ ಅಂತಾರೆ ಕಣೋ ಎಂದೆ. ಅವನಿಗೆ ಎಷ್ಟು ನಗು ಬಂತೆಂದರೆ ಎದ್ದು ನಿಂತು, ಎದೆ ಸೆಟೆಸಿ, ಉತ್ತರ ಕರ್ನಾಟಕದ ಅರಸನಾಗಿ ‘ಸರ ನನಗ’ ಎಂದು ಗುಡುಗಿದ. ಟಿ.ವಿ.ಯ ಹಾಸ್ಯ ಕಾರ್ಯಕ್ರಮಗಳಿಂದ ಕಲಿತ ಧಾಟಿ, ಇರಲಿ. ಧ್ವನಿ ಬಂತಲ್ಲ. ಕುಳಿತು ಮತ್ತೆ ಮೊದಲಿನಿಂದ ಓದಿದ. ಯಾರೂ ಹೇಳದೆ ಅವನು ಒಂದು ಸಾಲನ್ನು ಎರಡನೇ ಸಲ ಓದಿದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಓದಿ, ಕೇಳಿದ: ‘ಕೊಟ್ನಾ?’

ನನಗೇನು ಗೊತ್ತು, ನೀನೇ ಬರಿ ಎಂದು ಪೆನ್ಸಿಲ್ ಕೊಟ್ಟೆ. ಹಿಂಜರಿದ.

ಯಾಕೆ ಹಿಂಜರಿದ ಎಂಬುದು ಅವನ ಇನ್ನೊಂದು ನೋಟ್‌ಬುಕ್ಕಿನಲ್ಲಿತ್ತು. ಮೂರು ವರ್ಷದಲ್ಲಿ ಆ ಕೈ ನೂರಾರು ಪುಟ ಬರೆದಿದೆ: ಕಾಪಿ, ಶುದ್ಧಬರಹ, ಉಕ್ತಲೇಖನ, ಪ್ರಶ್ನೋತ್ತರ. ಅದರಲ್ಲಿ ಅವನದು ಎನ್ನುವ ಒಂದು ಸಾಲು ಹುಡುಕಿದೆ, ಇರಲಿಲ್ಲ. ಹಸುವಿನ ಮೇಲೆ ಒಂದು ಪ್ರಬಂಧ ಇತ್ತು. ಹಸು ಸಾಕುಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ, ಅದು ನಮಗೆ ಹಾಲು ಕೊಡುತ್ತದೆ. ಅವರ ಹಟ್ಟಿಯಲ್ಲಿ ಎರಡು ಹಸುಗಳಿವೆ. ಒಂದು ಒದೆಯುತ್ತದೆ, ಭಾವನ ಮೊಣಕಾಲಿನ ಗಾಯ ಅದರದ್ದೇ. ಇನ್ನೊಂದಕ್ಕೆ ಇವನ ಧ್ವನಿ ಕೇಳಿದರೆ ಸಾಕು, ಕಿವಿ ನಿಮಿರುತ್ತದೆ. ಅದ್ಯಾವುದೂ ಪ್ರಬಂಧದಲ್ಲಿ ಇಲ್ಲ, ಬರೆಯಬಹುದು ಎಂದು ಅವನಿಗೆ ಹೊಳೆದೂ ಇಲ್ಲ. ಇದನ್ನು ನೋಡಿ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಅಧ್ಯಾಯ ‘ಈ ಹಿನ್ನೆಲೆಯಲ್ಲಿ ಗಮನಿಸಿದಾಗ’ ಎಂದು ಶುರುವಾಗಿ ‘ಎಂಬುದು ಸ್ಪಷ್ಟವಾಗುತ್ತದೆ’ ಎಂದು ಮುಗಿಯುತ್ತಿತ್ತು. ಅದೂ ಹಸುವಿನ ಪ್ರಬಂಧವೇ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಬರೆಯಲು ಬಾರದ ಸಂಶೋಧಕರು ಯಾಕೆ ಇಷ್ಟೊಂದು ಎಂದು ಹಿರಿಯರು ಬೇಸರಪಡುತ್ತಾರೆ. ಮೂರನೇ ಕ್ಲಾಸಿನಲ್ಲಿ ನಾಲ್ಕು ಕಾಲು ಎಣಿಸಿ ಹತ್ತಕ್ಕೆ ಹತ್ತು ಪಡೆದವರು ನಾವು; ಆಮೇಲೆ ಎಣಿಸುವುದನ್ನು ಬಿಡಲು ಯಾರೂ ಹೇಳಲಿಲ್ಲ.

ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದಲ್ಲಿ ಲಕ್ಷ್ಮೀರಾಮ್ ಎಂಬ ಮಾಸ್ತರ ಪಾಠ ಬಿಟ್ಟು ಕಥೆ ಹೇಳುತ್ತಾ ಕೂರುತ್ತಾನೆ. ಆ ಪುಸ್ತಕವನ್ನು ಬಿ.ಎಡ್. ಮಾಡಿದವರೆಲ್ಲ ಹೆಸರಿಸುತ್ತಾರೆ. ಅದರಲ್ಲಿ ನನಗೆ ಮುಖ್ಯವೆನಿಸುವುದು ಕಥೆ ಹೇಳಿದ್ದಕ್ಕಿಂತ, ಅದರಿಂದ ಮಾಸ್ತರನಿಗೆ ಸುತ್ತಲಿನವರಿಂದ ಎದುರಾಗುವ ಒತ್ತಡ. ಪರೀಕ್ಷೆ, ಪಠ್ಯಕ್ರಮ, ಮೇಲಿನವರ ಅನುಮಾನ. ಹತ್ತು ದಿನಕ್ಕೆ ಬಂದುಹೋಗುವ ಚಿಕ್ಕಮ್ಮನಿಗೆ ಆ ಒತ್ತಡ ಇಲ್ಲ. ನಾನು ಆಟ ಆಡಬಹುದು. ಅವನಿಗೆ ದಿನವೂ ಪಾಠ ಹೇಳುವವರಿಗೆ ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಬಿಸಿಯೂಟದ ಲೆಕ್ಕ ಬೇರೆ, ತುಂಬಬೇಕಾದ ಆನ್‌ಲೈನ್ ಮಾಹಿತಿ ಬೇರೆ. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ನನ್ನ ದೂರು ಅವರ ಮೇಲಲ್ಲ. ಒಳ್ಳೆಯ ಕನ್ನಡ ಬರೆಯಬಲ್ಲವರು ಆ ಎಂಟು ಅಕ್ಷರಗಳ ಕಡೆ ತಿರುಗಿಯೂ ನೋಡದಿರುವುದರ ಮೇಲೆ. ಕುವೆಂಪು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆಯುವಾಗ ಬ್ರೌನಿಂಗನ ಇಲಿಗಳನ್ನೆಲ್ಲ ಕನ್ನಡದ ಸದ್ದಿಗೆ ಕುಣಿಸಿದರು, ಅದನ್ನು ಚಿಕ್ಕ ಕೆಲಸ ಎಂದುಕೊಳ್ಳಲಿಲ್ಲ. ನಮ್ಮ ಕಾಲದ ಕವಿಗಳಿಗೆ ಒಂದು ಸವಾಲು ಕೊಡಬೇಕು ಎನಿಸುತ್ತದೆ: ರ ಗ ಸ ದ ಅ, ಜೊತೆಗೆ ಒಂದು ಸೊನ್ನೆ, ಬೇಕಾದರೆ ಇನ್ನು ಐದು ಅಕ್ಷರ. ಮಗು ಎರಡನೇ ಸಲ ಓದಬೇಕು ಅನ್ನುವ ಹಾಗೆ ಮೂರು ಸಾಲು ಬರೆದು ತೋರಿಸಿ.

ಹುಡುಗ ಪೆನ್ಸಿಲ್ ಕಚ್ಚುತ್ತಾ ತುಂಬಾ ಹೊತ್ತು ಕೂತಿದ್ದ. ಆಮೇಲೆ ನೋಟ್‌ಬುಕ್ಕನ್ನು ತೋಳಿನಿಂದ ಮರೆಮಾಡಿ ಬರೆದ. ತೋರಿಸಿದಾಗ ಹೀಗಿತ್ತು: ‘ಅಗಸ ಕೊಡಾಕಿಲ ಅಂದ’. ಲ-ಗೆ ಒತ್ತು ಬಿಟ್ಟಿದ್ದ. ಕೊ-ದ ಎರಡು ತುಂಡುಗಳೂ ಸರಿಯಾಗಿ ಬಿದ್ದಿದ್ದವು, ಕಾಪಿ ಬರೆಯುವಾಗ ಅಲ್ಲಿ ತಪ್ಪುತ್ತಿದ್ದ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ‘ಕೊಡಾಕಿಲ್ಲ ಅಂತ ಬರೆದವ್ನಲ್ಲೇ! ಸ್ಕೂಲಲ್ಲಿ ಹಿಂಗೆ ಬರೆದ್ರೆ ಕೆಂಪು ಗೀಟು ಬೀಳ್ತದೆ.’ ಬಿದ್ದರೆ ಬೀಳಲಿ ಬಿಡು ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಗೀಟು ಬೀಳುವುದು ನನ್ನ ನೋಟ್‌ಬುಕ್ಕಿನಲ್ಲಲ್ಲ. ಅವನು ನಾಳೆ ಅರ್ಜಿ ಬರೆಯಬೇಕು, ಪರೀಕ್ಷೆ ಬರೆಯಬೇಕು. ಪುಸ್ತಕದ ಕನ್ನಡ ಬೇಡ ಎನ್ನುವ ಸುಖ, ಅದನ್ನು ಈಗಾಗಲೇ ಕಲಿತು ಕೂತಿರುವ ನನ್ನಂಥವರಿಗೆ ಮಾತ್ರ. ಹಾಗಾಗಿ ಅವನ ಸಾಲನ್ನು ಅಳಿಸದೆ, ಒತ್ತು ಮಾತ್ರ ಹಾಕಿಸಿ, ಅದರ ಕೆಳಗೆ ಪುಸ್ತಕದಲ್ಲಿ ಬರೆಯುವ ರೀತಿ ಹೀಗೆ ಎಂದು ಬರೆದುಕೊಟ್ಟೆ: ‘ಕೊಡುವುದಿಲ್ಲ ಎಂದನು’.

ಎರಡನ್ನೂ ಓದಿದ. ಬೆರಳು ಇಡಲಿಲ್ಲ. ಎರಡನೆಯದನ್ನು ಇನ್ನೊಮ್ಮೆ, ಎದೆ ಸೆಟೆಸಿ ಓದಿ ನೋಡಿದ. ತಲೆ ಅಲ್ಲಾಡಿಸಿದ.

‘ಅಗಸ ಹಂಗನ್ನಲ್ಲ ಚಿಕ್ಕಿ. ಇದು ಅರಸ ಅನ್ನೋ ಥರ ಅದೆ.’